15 ಗೆಲುವಿನಿಂದ 6ಕ್ಕೆ: ಕ್ಯಾನ್ಸಸ್ ಸಿಟಿ ಚೀಫ್ಸ್ ನಿಜಕ್ಕೂ ಬಿದ್ದದ್ದು ಯಾವಾಗ?

ಅಮೆರಿಕನ್ ಫುಟ್‌ಬಾಲ್‌ನ 2024ರ ಸೀಸನ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ 17 ಪಂದ್ಯ ಆಡಿ 15 ಗೆದ್ದಿತು. 2025ರ ಸೀಸನ್‌ನಲ್ಲಿ ಅದೇ ಕೋಚ್ ಇದ್ದರು, ಅದೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ) ಇದ್ದರು, ಜರ್ಸಿಯೂ ಅದೇ ಕೆಂಪು. ಗೆದ್ದದ್ದು ಮಾತ್ರ 6. ಉಳಿದ 11 ಪಂದ್ಯ ಸೋತರು, ಪ್ಲೇಆಫ್‌ಗೆ ಕಾಲಿಡಲಿಲ್ಲ.

ಇಷ್ಟು ಕೇಳಿದವರು 'ಓ, ತಂಡ ಮುಗೀತು' ಅನ್ನುತ್ತಾರೆ. ಆದರೆ ಅಂಕಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ. 2024ರ 17 ಪಂದ್ಯಗಳಲ್ಲಿ ಚೀಫ್ಸ್ ಎದುರಾಳಿಗಳಿಗೆ ಬಿಟ್ಟುಕೊಟ್ಟ ಪಾಯಿಂಟ್ 326. 2025ರಲ್ಲಿ 328. ಇಡೀ ವರ್ಷಕ್ಕೆ ಎರಡೇ ಎರಡು ಪಾಯಿಂಟ್ ಜಾಸ್ತಿ. ಹೊಡೆದದ್ದು 385ರಿಂದ 362ಕ್ಕೆ ಇಳಿಯಿತು. ಒಟ್ಟು ಕೂಡಿಸಿದರೆ 25 ಪಾಯಿಂಟ್ ವ್ಯತ್ಯಾಸ. ಆ 25 ಪಾಯಿಂಟ್‌ಗೆ ಒಂಬತ್ತು ಗೆಲುವು ಕೈತಪ್ಪಿತೇ?

ಗೊಂದಲ ಇರುವುದು ಇಲ್ಲೇ.

ಮೊದಲು ಸ್ವಲ್ಪ ಹಿನ್ನೆಲೆ

ಚೀಫ್ಸ್ ಆಡುವ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಸೆಪ್ಟೆಂಬರ್‌ನಲ್ಲಿ ಶುರುವಾಗುವ ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ 17 ಪಂದ್ಯ, ಆಮೇಲೆ ನಾಕೌಟ್, ಫೆಬ್ರವರಿಯಲ್ಲಿ ಫೈನಲ್, ಅಂದರೆ ಸೂಪರ್ ಬೌಲ್. ಪಂದ್ಯಗಳ ಲೆಕ್ಕದಲ್ಲಿ ನಮ್ಮ ಐಪಿಎಲ್‌ಗಿಂತ ಸ್ವಲ್ಪ ಉದ್ದ ಅಷ್ಟೇ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. 17 ಅನ್ನುವುದು ಚಿಕ್ಕ ಸಂಖ್ಯೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಂಡಿ ರೀಡ್ 2013ರಿಂದ ಚೀಫ್ಸ್ ಕೋಚ್. ಪ್ಯಾಟ್ರಿಕ್ ಮಹೋಮ್ಸ್ 2018ರಿಂದ ಮುಖ್ಯ ಕ್ವಾರ್ಟರ್‌ಬ್ಯಾಕ್. ಇವರಿಬ್ಬರ ಕಾಲದಲ್ಲಿ ತಂಡ ಐದು ಸಲ ಸೂಪರ್ ಬೌಲ್ ಆಡಿತು, ಮೂರು ಗೆದ್ದಿತು. 2016ರಿಂದ 2024ರವರೆಗೆ ಸತತ ಒಂಬತ್ತು ವರ್ಷ ತಮ್ಮ ಡಿವಿಷನ್‌ನಲ್ಲಿ, ಅಂದರೆ ನಾಲ್ಕು ತಂಡಗಳ ಗುಂಪಿನಲ್ಲಿ, ಮೊದಲ ಸ್ಥಾನ. 2015ರಿಂದ ಹತ್ತು ವರ್ಷ ಪ್ಲೇಆಫ್ ತಪ್ಪಿರಲಿಲ್ಲ. ಗೆಲುವಿಗಿಂತ ಸೋಲು ಹೆಚ್ಚಿದ್ದ ಸೀಸನ್ ಕೊನೆಯದಾಗಿ ಬಂದದ್ದು 2012ರಲ್ಲಿ, ರೀಡ್ ಬರುವುದಕ್ಕೆ ಮೊದಲು. ಅಂಥ ತಂಡ 6-11 ಅಂದರೆ ಜನ ಕಣ್ಣುಜ್ಜಿಕೊಂಡು ನೋಡುವುದು ಸಹಜ.

ಕೂದಲೆಳೆಯ ಪಂದ್ಯಗಳು

ಈ ಆಟದಲ್ಲಿ ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ, ಅಂದರೆ ಮೈದಾನದ ತುದಿಯ ಪಟ್ಟಿಗೆ, ತಲುಪಿಸಿದರೆ ಟಚ್‌ಡೌನ್. ಅದಕ್ಕೆ 6 ಪಾಯಿಂಟ್. ಅದರ ಬೆನ್ನಿಗೆ ಸಿಗುವ ಅವಕಾಶದಲ್ಲಿ ಹೆಚ್ಚೆಂದರೆ ಇನ್ನೆರಡು. ಅಂದರೆ ಚೆಂಡು ಒಂದು ಸಲ ಕೈಗೆ ಬಂದರೆ 8 ಪಾಯಿಂಟ್‌ವರೆಗಿನ ಹಿನ್ನಡೆ ತುಂಬಿಕೊಳ್ಳಬಹುದು. ಹಾಗಾಗಿ 8 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದ ಪಂದ್ಯವನ್ನು ಅಲ್ಲಿಯವರು 'ಒನ್ ಸ್ಕೋರ್ ಗೇಮ್' ಅನ್ನುತ್ತಾರೆ. ಯಾರ ಕಡೆಗಾದರೂ ವಾಲಬಹುದಾಗಿದ್ದ ಪಂದ್ಯ ಅಂತ ಅರ್ಥ.

2024ರಲ್ಲಿ ಚೀಫ್ಸ್ ಇಂಥ 11 ಪಂದ್ಯ ಆಡಿತು. ಹನ್ನೊಂದೂ ಗೆದ್ದಿತು. 2025ರಲ್ಲಿ ಇಂಥವು 10 ಬಂದವು. ಗೆದ್ದದ್ದು ಒಂದು, ಅದೂ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ, 23-20. ಉಳಿದ ಒಂಬತ್ತೂ ಸೋಲು.

11-0 ಮತ್ತು 1-9. ಎರಡು ಸೀಸನ್‌ಗಳ ನಡುವಿನ ಕಂದಕ ಹೆಚ್ಚುಕಡಿಮೆ ಪೂರ್ತಿ ಇಲ್ಲೇ ಇದೆ. ಅಂತರ ದೊಡ್ಡದಿದ್ದ ಪಂದ್ಯಗಳನ್ನಷ್ಟೇ ನೋಡಿದರೆ 2024ರಲ್ಲಿ ಚೀಫ್ಸ್ 4-2, 2025ರಲ್ಲಿ 5-2. ಅಲ್ಲಿ ಸೋತ ವರ್ಷವೇ ಒಂದು ಕೈ ಮೇಲು!

ಸಂಖ್ಯೆ ಸಾಕು, ಆ ಪಂದ್ಯಗಳು ಹೇಗಿದ್ದವು ಅಂತ ಹತ್ತಿರದಿಂದ ನೋಡೋಣ.

2024ರ ಸೆಪ್ಟೆಂಬರ್ 5, ಸೀಸನ್‌ನ ಮೊದಲ ಪಂದ್ಯ. ಕೊನೆಯ ಎಸೆತದಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಐಸಾಯಾ ಲೈಕ್ಲಿ ಎಂಡ್ ಝೋನ್‌ನ ಹಿಂಬದಿಯಲ್ಲಿ ಚೆಂಡು ಹಿಡಿದರು. ಮೈದಾನದ ಅಂಪೈರ್ ಟಚ್‌ಡೌನ್ ಕೊಟ್ಟರು. ರೀಪ್ಲೇ ನೋಡಿದಾಗ ಶೂ ತುದಿ ಬಿಳಿ ಗೆರೆಯ ಮೇಲಿತ್ತು. ಟಚ್‌ಡೌನ್ ರದ್ದಾಯಿತು, ಚೀಫ್ಸ್ 27-20ರಲ್ಲಿ ಗೆದ್ದಿತು. ಕಾಲು ಒಂದು ಸೈಜ್ ಚಿಕ್ಕದಿದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತೋ ಏನೋ.

ಆ ನವೆಂಬರ್ 29ರಂದು ಲಾಸ್ ವೇಗಸ್ ರೈಡರ್ಸ್ ಎರಡು ಪಾಯಿಂಟ್ ಹಿಂದಿದ್ದರು. ಗೆಲ್ಲಿಸುವ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದರೆ ಸಿಗುವ 3 ಪಾಯಿಂಟ್) ಹೊಡೆಯುವಷ್ಟು ಹತ್ತಿರ ಬಂದಿದ್ದರು, ಗಡಿಯಾರದಲ್ಲಿ ಇನ್ನೂ ಸೆಕೆಂಡುಗಳಿದ್ದವು. ಅಷ್ಟರಲ್ಲಿ ಅವರದೇ ಆಟಗಾರ ಚೆಂಡನ್ನು ಹಿಂದಕ್ಕೆ ಬೇಗ ಎಸೆದುಬಿಟ್ಟ. ಕ್ವಾರ್ಟರ್‌ಬ್ಯಾಕ್ ಏಡನ್ ಓಕಾನೆಲ್ ಅದಕ್ಕೆ ಸಿದ್ಧರಿರಲಿಲ್ಲ. ಚೆಂಡು ನೆಲಕ್ಕೆ ಬಿತ್ತು, ಚೀಫ್ಸ್‌ನ ನಿಕ್ ಬೋಲ್ಟನ್ ಅದರ ಮೇಲೆ ಬಿದ್ದರು. 19-17. ಒಂಬತ್ತು ದಿನ ಬಿಟ್ಟು ಚಾರ್ಜರ್ಸ್ ವಿರುದ್ಧ ಮ್ಯಾಥ್ಯೂ ರೈಟ್ ಹೊಡೆದ ಕೊನೆಯ ಕಿಕ್ ಎಡಗಂಬಕ್ಕೆ ಬಡಿದು ಒಳಕ್ಕೆ ಹೋಯಿತು. ಮತ್ತೆ 19-17.

ಮುಂದಿನ ವರ್ಷ ಇದೇ ಸಿನಿಮಾ ತಿರುಗುಮುರುಗಾಗಿ ಓಡಿತು. ಸೆಪ್ಟೆಂಬರ್ 14ರಂದು ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಗೋಲ್ ಲೈನ್ ಹತ್ತಿರ ಮಹೋಮ್ಸ್ ಎಸೆದ ಚೆಂಡು ಟ್ರಾವಿಸ್ ಕೆಲ್ಸಿ ಕೈಗೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ ಅಲ್ಲಿಂದ ಪುಟಿದು ಎದುರಾಳಿ ಆಂಡ್ರೂ ಮುಕುಬಾ ಕೈ ಸೇರಿತು. ಚೀಫ್ಸ್ 20-17ರಲ್ಲಿ ಸೋತಿತು. ಅಕ್ಟೋಬರ್ 6ರಂದು ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್‌ನ ಟ್ರೆವರ್ ಲಾರೆನ್ಸ್ ಕೊನೆಯ ಅರ್ಧ ನಿಮಿಷದಲ್ಲಿ ತನ್ನದೇ ತಂಡದವನ ಕಾಲಿಗೆ ಎಡವಿ ಬಿದ್ದರು. ಬಿದ್ದವರನ್ನು ಯಾರೂ ಮುಟ್ಟಲಿಲ್ಲ. ಎದ್ದು ಓಡಿ ಟಚ್‌ಡೌನ್ ಮುಟ್ಟಿಸಿದರು. 31-28.

ಡೆನ್ವರ್ ಬ್ರಾಂಕೋಸ್‌ನ ಕಿಕ್ಕರ್ ವಿಲ್ ಲುಟ್ಜ್ ಅವರನ್ನಂತೂ ಮರೆಯುವ ಹಾಗಿಲ್ಲ. 2024ರ ನವೆಂಬರ್ 10ರಂದು ಕೊನೆಯ ಕ್ಷಣದಲ್ಲಿ 35 ಗಜದಿಂದ ಒದ್ದರು. ಗೆಲ್ಲಲು ಅಷ್ಟು ಸಾಕಿತ್ತು. ಲಿಯೋ ಷೆನಾಲ್ ಕೈ ಅಡ್ಡ ಬಂತು, ಚೀಫ್ಸ್ 16-14ರಲ್ಲಿ ಉಳಿದುಕೊಂಡಿತು. ಮರುವರ್ಷ ನವೆಂಬರ್ 16ರಂದು ಅದೇ ಲುಟ್ಜ್, ಅದೇ 35 ಗಜ, ಅದೇ ಕೊನೆಯ ಕ್ಷಣ. ಈ ಸಲ ಯಾರ ಕೈಯೂ ತಾಗಲಿಲ್ಲ. ಡೆನ್ವರ್ 22-19.

ಇದೆಲ್ಲ ಬರೀ ಅದೃಷ್ಟ ಅನ್ನುವವರ ವಾದ

ಕ್ರಿಕೆಟ್ ನೋಡುವವರಿಗೆ ನೆಟ್ ರನ್ ರೇಟ್ ಗೊತ್ತು. ಗೆದ್ದಿರಾ ಸೋತಿರಾ ಅನ್ನುವುದನ್ನು ಬಿಟ್ಟು, ಎಷ್ಟರಲ್ಲಿ ಗೆದ್ದಿರಿ, ಎಷ್ಟರಲ್ಲಿ ಸೋತಿರಿ ಅಂತ ಕೇಳುವ ಲೆಕ್ಕ ಅದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ಕೆಲಸವನ್ನು ಪಾಯಿಂಟ್ ಅಂತರ ಮಾಡುತ್ತದೆ. 2024ರಲ್ಲಿ ಚೀಫ್ಸ್‌ನ ಅಂತರ ಪ್ಲಸ್ 59. 2025ರಲ್ಲಿ ಪ್ಲಸ್ 34. ಹೌದು, ಹನ್ನೊಂದು ಪಂದ್ಯ ಸೋತ ವರ್ಷದಲ್ಲೂ ಕೊಟ್ಟಿದ್ದಕ್ಕಿಂತ ಹೊಡೆದದ್ದೇ ಜಾಸ್ತಿ.

ಬೇಸ್‌ಬಾಲ್ ಅಂಕಿಅಂಶಗಳಿಗೆ ಹೆಸರಾದ ಬಿಲ್ ಜೇಮ್ಸ್ ಒಂದು ಸೂತ್ರ ಕೊಟ್ಟಿದ್ದಾರೆ. ಹೊಡೆದ ಮತ್ತು ಬಿಟ್ಟುಕೊಟ್ಟ ಪಾಯಿಂಟ್ ಇಷ್ಟಿದ್ದರೆ ಎಷ್ಟು ಗೆಲುವು ಬರಬೇಕಿತ್ತು ಅಂತ ಅದು ಹೇಳುತ್ತದೆ. ಅದಕ್ಕೆ 'ಪೈಥಾಗೊರಿಯನ್' ಅಂತ ಹೆಸರು. ತ್ರಿಕೋನಕ್ಕೂ ಇದಕ್ಕೂ ಸಂಬಂಧವಿಲ್ಲ, ಸೂತ್ರದಲ್ಲಿ ವರ್ಗ ಬರುತ್ತದೆ ಅನ್ನುವುದಷ್ಟೇ ಹೋಲಿಕೆ. ಫುಟ್‌ಬಾಲ್‌ಗೆ ಒಗ್ಗಿಸಿದ ಅದೇ ಸೂತ್ರಕ್ಕೆ ಚೀಫ್ಸ್ ಅಂಕಿ ಹಾಕಿದರೆ 2024ಕ್ಕೆ ಸುಮಾರು 10 ಗೆಲುವು, 2025ಕ್ಕೆ ಒಂಬತ್ತೂವರೆ ಬರುತ್ತದೆ. ಅಂದರೆ ಹತ್ತು ಗೆಲುವಿನ ತಂಡವೊಂದು ಒಂದು ವರ್ಷ 15 ಗೆದ್ದಿತು, ಇನ್ನೊಂದು ವರ್ಷ 6.

ಸಾಧ್ಯವೇ? ಹನ್ನೊಂದು ಸಲ ನಾಣ್ಯ ಚಿಮ್ಮಿ ಹನ್ನೊಂದು ಸಲವೂ ರಾಜನೇ ಬೀಳುವ ಸಾಧ್ಯತೆ 2048ರಲ್ಲಿ ಒಂದು. ಹತ್ತು ಸಲ ಚಿಮ್ಮಿ ಒಂದು ಅಥವಾ ಅದಕ್ಕಿಂತ ಕಡಿಮೆ ಸಲ ಬೀಳುವುದು ಸುಮಾರು 93ರಲ್ಲಿ ಒಂದು. ಅಪರೂಪ ಹೌದು. ಆದರೆ 32 ತಂಡಗಳು ವರ್ಷವರ್ಷ ನಾಣ್ಯ ಚಿಮ್ಮುತ್ತಲೇ ಇದ್ದರೆ ಯಾವತ್ತಾದರೂ ಯಾರಿಗಾದರೂ ಆಗಲೇಬೇಕಲ್ವಾ? ಪಂದ್ಯ 162 ಇದ್ದಿದ್ದರೆ ಒಳ್ಳೆಯದು ಕೆಟ್ಟದ್ದು ಒಂದಕ್ಕೊಂದು ವಜಾ ಆಗುತ್ತಿತ್ತು. 17ರಲ್ಲಿ ಅದಕ್ಕೆ ಜಾಗವಿಲ್ಲ.

ಅಲ್ಲ, ಅದು ಗೆಲ್ಲುವ ಕಲೆ ಅನ್ನುವವರು

ಎದುರು ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕೊನೆಯ ಎರಡು ನಿಮಿಷದಲ್ಲಿ ಮಹೋಮ್ಸ್ ಥರದ ಆಟಗಾರ ಕೈಯಲ್ಲಿದ್ದರೆ ನಾಣ್ಯ ಸರಿಸಮ ಆಗಿರುವುದಿಲ್ಲ, ಸ್ವಲ್ಪ ನಮ್ಮ ಕಡೆಗೇ ವಾಲಿರುತ್ತದೆ ಅನ್ನುವುದು ಇವರ ನಂಬಿಕೆ. ಷೆನಾಲ್ ಕೈ ಅಡ್ಡ ಬಂದದ್ದೂ ಅಭ್ಯಾಸದಿಂದಲೇ, ದೇವರ ದಯೆಯಿಂದಲ್ಲ. ಸೋಲುಗಳಲ್ಲೂ ಹಾಗೇ. 2025ರ ಡಿಸೆಂಬರ್ 7ರಂದು ಹ್ಯೂಸ್ಟನ್ ಟೆಕ್ಸನ್ಸ್ ವಿರುದ್ಧ 10-10 ಸಮ ಇದ್ದಾಗ, ಕೊನೆಯ ಕ್ವಾರ್ಟರ್‌ನಲ್ಲಿ ರೀಡ್ ತಮ್ಮದೇ 31 ಗಜದ ಗೆರೆಯಲ್ಲಿ ನಾಲ್ಕನೇ ಪ್ರಯತ್ನಕ್ಕೆ (10 ಗಜ ಮುಂದೆ ಹೋಗಲು ಸಿಗುವ ನಾಲ್ಕರಲ್ಲಿ ಕೊನೆಯದು, ತಪ್ಪಿದರೆ ಚೆಂಡು ಎದುರಾಳಿಗೆ) ಹೋದರು. ಸಾಮಾನ್ಯವಾಗಿ ಅಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾರೆ. ಬೇಕಿದ್ದದ್ದು ಒಂದೇ ಗಜ, ಸಿಗಲಿಲ್ಲ. ಟೆಕ್ಸನ್ಸ್ ಅಲ್ಲಿಂದಲೇ ಟಚ್‌ಡೌನ್ ಹೊಡೆದು 20-10ರಲ್ಲಿ ಗೆದ್ದರು. ಇದು ಅದೃಷ್ಟ ಅಲ್ಲ, ತೀರ್ಮಾನ.

ಆದರೆ ಈ ವಾದಕ್ಕೆ ಒಂದು ತೊಡಕಿದೆ. ಕಲೆ ಇದ್ದದ್ದು ರೀಡ್ ಮತ್ತು ಮಹೋಮ್ಸ್ ಬಳಿ ಅಂದರೆ, 2025ರಲ್ಲೂ ಅವರೇ ಇದ್ದರು. ಮಹೋಮ್ಸ್ ಎಡ ಮಂಡಿಯ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದದ್ದು ಡಿಸೆಂಬರ್ 14ರಂದು, ಚಾರ್ಜರ್ಸ್ ವಿರುದ್ಧದ ಪಂದ್ಯದ ಕಟ್ಟಕಡೆಯ ನಿಮಿಷಗಳಲ್ಲಿ. ಒಂಬತ್ತು ಕೂದಲೆಳೆ ಸೋಲುಗಳಲ್ಲಿ ಏಳು ಆ ದಿನದೊಳಗೇ ಆಗಿಹೋಗಿದ್ದವು. ಕಲೆ ಒಂದೇ ವರ್ಷದಲ್ಲಿ ಮರೆತುಹೋಗುತ್ತದೆಯೇ?

ಮೂರನೆಯ ಗುಂಪೂ ಒಂದಿದೆ. 2024ರಲ್ಲಿ ಅಂಪೈರ್‌ಗಳು ಚೀಫ್ಸ್ ಪರ ಇದ್ದರು ಅಂತ ಆ ಗುಂಪಿನ ಆರೋಪ. ಲೀಗ್ ಕಮಿಷನರ್ ರೋಜರ್ ಗುಡೆಲ್ ಅದನ್ನು ಬಹಿರಂಗವಾಗಿಯೇ ತಳ್ಳಿಹಾಕಿದರು. 1-9 ಆದ ಮೇಲೆ ಆ ಗುಂಪಿನ ದನಿ ಅಷ್ಟಾಗಿ ಕೇಳಿಸುತ್ತಿಲ್ಲ.

ನಿಜವಾದ ಇಳಿಜಾರು

ಹಾಗಾದರೆ ಏನೂ ಆಗಿಲ್ಲ, ಸುಮ್ನೆ ನಾಣ್ಯ ತಿರುಗಿಬಿತ್ತು ಅನ್ನೋಣವೇ? ಅದೂ ತಪ್ಪು. ತಂಡ ಇಳಿದಿದೆ. 2025ರಲ್ಲಲ್ಲ, ಅದಕ್ಕೂ ಎರಡು ವರ್ಷ ಮೊದಲು.

ಲೀಗ್ ಹಂತದಲ್ಲಿ ಚೀಫ್ಸ್ ಹೊಡೆದ ಪಾಯಿಂಟ್ ನೋಡಿ. 2022ರಲ್ಲಿ 496. 2023ರಲ್ಲಿ 371. ಒಂದೇ ವರ್ಷದಲ್ಲಿ 125 ಪಾಯಿಂಟ್ ಇಳಿಕೆ. ಆಮೇಲೆ 385, ಆಮೇಲೆ 362. ಕುಸಿತ ಅಂತ ಒಂದಿದ್ದರೆ ಅದು 2022 ಮತ್ತು 2023ರ ನಡುವೆ ನಡೆದುಹೋಗಿದೆ. ಆಗ ಯಾರೂ ಬೊಬ್ಬೆ ಹೊಡೆಯಲಿಲ್ಲ. ಯಾಕೆಂದರೆ 2023ರಲ್ಲಿ ರಕ್ಷಣಾ ಪಡೆ ಬರೀ 294 ಪಾಯಿಂಟ್ ಬಿಟ್ಟುಕೊಟ್ಟು ತಂಡವನ್ನು ಎತ್ತಿಹಿಡಿಯಿತು, ಕೊನೆಗೆ ಸೂಪರ್ ಬೌಲ್ ಕಪ್ಪೇ ಬಂತು. ಕಪ್ ಕೈಯಲ್ಲಿರುವಾಗ ಲೆಕ್ಕದ ಪುಸ್ತಕ ತೆಗೆಯುವವರು ಯಾರು?

ಆ ನಡುವೆ ಏನಾಯಿತು? ಮಿಂಚಿನ ಓಟಗಾರ ಟೈರೀಕ್ ಹಿಲ್ ಅವರನ್ನು 2022ರ ಮಾರ್ಚ್‌ನಲ್ಲೇ ಮಯಾಮಿಗೆ ಕೊಟ್ಟಾಗಿತ್ತು. 2022ರ ಸೀಸನ್ ಮುಗಿದ ಮೇಲೆ ಮಹೋಮ್ಸ್‌ನ ಎರಡೂ ಪಕ್ಕ ಕಾಯುತ್ತಿದ್ದ ಟ್ಯಾಕಲ್‌ಗಳು, ಆರ್ಲಾಂಡೊ ಬ್ರೌನ್ ಮತ್ತು ಆಂಡ್ರೂ ವೈಲಿ, ಬೇರೆ ತಂಡ ಸೇರಿದರು. ಆಕ್ರಮಣ ವಿಭಾಗದ ಕೋಚ್ ಎರಿಕ್ ಬಿಯೆನೆಮಿ ವಾಷಿಂಗ್ಟನ್‌ಗೆ ಹೋದರು.

ಹೋಗುವವರನ್ನು ತಡೆಯಬಹುದಿತ್ತಲ್ಲ ಅನ್ನಿಸಬಹುದು. ಈ ಲೀಗಿನಲ್ಲಿ ಅದು ಸುಲಭವಲ್ಲ. ಆಟಗಾರರ ಸಂಬಳಕ್ಕೆ ಒಂದು ಮೇಲ್ಮಿತಿ ಇದೆ, ಅದೇ ಸ್ಯಾಲರಿ ಕ್ಯಾಪ್. 2025ರಲ್ಲಿ ಅದು ತಂಡಕ್ಕೆ 27.92 ಕೋಟಿ ಡಾಲರ್. ಮಾಲೀಕ ಎಷ್ಟೇ ಶ್ರೀಮಂತನಾದರೂ ಮಿತಿ ಎಲ್ಲರಿಗೂ ಒಂದೇ. ಮಹೋಮ್ಸ್ 2020ರಲ್ಲಿ ಸಹಿ ಹಾಕಿದ ಹತ್ತು ವರ್ಷದ ಒಪ್ಪಂದ 45 ಕೋಟಿ ಡಾಲರಿನದು. ಒಬ್ಬರಿಗೆ ಅಷ್ಟು ಬಡಿಸಿದ ಮೇಲೆ ಪಂಕ್ತಿಯ ಉಳಿದವರಿಗೆ ಸೌಟು ಸಣ್ಣದಾಗುತ್ತದೆ. ಗೆದ್ದ ತಂಡದ ಆಟಗಾರರ ಬೆಲೆ ಏರುತ್ತದೆ. ಏರಿದ ಬೆಲೆ ಕೊಡಲಾಗದೆ ಬಿಟ್ಟುಕೊಡಬೇಕಾಗುತ್ತದೆ. ಖಾಲಿಯಾದ ಜಾಗಕ್ಕೆ ಕಾಲೇಜಿನಿಂದ ಹೊಸಬರನ್ನು ಆರಿಸೋಣ ಅಂದರೆ, ಡ್ರಾಫ್ಟ್‌ನಲ್ಲಿ ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. 2025ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಚೀಫ್ಸ್ ಆರಿಸಿದ್ದು 32ನೆಯವರಾಗಿ, ಎಲ್ಲರೂ ಬಾಚಿಕೊಂಡ ಮೇಲೆ.

ಇದರ ಬೆಲೆ 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಸತತ ಮೂರನೇ ಸೂಪರ್ ಬೌಲ್ ಗೆಲ್ಲಲು ಹೋದ ಚೀಫ್ಸ್ ಅರ್ಧ ಆಟಕ್ಕೆ 24-0 ಹಿಂದಿತ್ತು. ಎಡ ಟ್ಯಾಕಲ್ ಜಾಗಕ್ಕೆ ಸರಿಯಾದವರು ಸಿಗದೆ, ಒಳಗಿನ ಗಾರ್ಡ್ ಜೋ ಥೂನಿಯನ್ನು ಅಲ್ಲಿಗೆ ಸರಿಸಿದ್ದರು. ಈಗಲ್ಸ್ ಎಂದಿನ ನಾಲ್ವರ ಜೊತೆ ಹೆಚ್ಚುವರಿ ಆಟಗಾರರನ್ನು ನುಗ್ಗಿಸುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಆ ನಾಲ್ವರೇ ಮಹೋಮ್ಸ್‌ರನ್ನು ಆರು ಸಲ ಕೆಡವಿದರು. ಅಂತಿಮ ಸ್ಕೋರ್ 40-22. ಅದಾಗಿ ಒಂದು ತಿಂಗಳಿಗೆ ಥೂನಿಯನ್ನೂ ಶಿಕಾಗೋಗೆ ಕೊಟ್ಟರು. ಕಾರಣ ಮತ್ತೆ ಅದೇ, ದುಡ್ಡು. 15-2ರ ತಂಡದೊಳಗೆ ಗೆದ್ದಲು ಹಿಡಿದಿದ್ದು ಆ ರಾತ್ರಿಯೇ ಗೊತ್ತಾಗಿತ್ತು.

ಲೆಕ್ಕದಲ್ಲಿ ಒಂದು ತಿದ್ದುಪಡಿ

ಇಲ್ಲಿಯವರೆಗಿನ ಅಂಕಿಗಳಿಗೆ ಒಂದು ಅಡಿಟಿಪ್ಪಣಿ ಬೇಕು. 2024ರ ಕೊನೆಯ ಲೀಗ್ ಪಂದ್ಯದಲ್ಲಿ ಚೀಫ್ಸ್ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಡೆನ್ವರ್ ಎದುರು 38-0ರಲ್ಲಿ ಸೋತಿತು. 2025ರ ಕೊನೆಯ ಮೂರು ಪಂದ್ಯ ಮಹೋಮ್ಸ್ ಇಲ್ಲದೆ ಆಡಿತು. ಬದಲಿಗೆ ಬಂದ ಗಾರ್ಡ್‌ನರ್ ಮಿನ್‌ಷ್ಯೂ ಕೂಡ ಟೆನೆಸಿ ವಿರುದ್ಧ ಮಂಡಿಗೆ ಪೆಟ್ಟು ಮಾಡಿಕೊಂಡು, ಮೂರನೆಯವರು ಬರಬೇಕಾಯಿತು. ಇವನ್ನು ಬದಿಗಿಟ್ಟು ನೋಡಿದರೆ 2024ರ 16 ಪಂದ್ಯಗಳಲ್ಲಿ ಪ್ಲಸ್ 97, 2025ರ 14 ಪಂದ್ಯಗಳಲ್ಲಿ ಪ್ಲಸ್ 60. ಪಂದ್ಯಕ್ಕೆ 6 ಪಾಯಿಂಟ್ ಮೇಲಿದ್ದವರು ನಾಲ್ಕು ಚಿಲ್ಲರೆಗೆ ಇಳಿದಂತಾಯಿತು. ಸಣ್ಣ ಇಳಿಕೆ, ಆದರೆ ನಿಜವಾದದ್ದು. 15-1ರಿಂದ 6-8ಕ್ಕೆ ಇಳಿಯುವಷ್ಟು ದೊಡ್ಡದಂತೂ ಅಲ್ಲ.

ವೇಳಾಪಟ್ಟಿಯ ನೆಪವನ್ನೂ ಕೆಲವರು ಹೇಳುತ್ತಾರೆ. 17 ಪಂದ್ಯಗಳಲ್ಲಿ ಮೂರನ್ನು ಹಿಂದಿನ ವರ್ಷದ ಸ್ಥಾನ ನೋಡಿ ನಿಗದಿ ಮಾಡುತ್ತಾರೆ, ಮೊದಲ ಸ್ಥಾನದವರಿಗೆ ಮೊದಲ ಸ್ಥಾನದವರೇ ಎದುರಾಳಿ. 2025ರಲ್ಲಿ ಹಾಗೆ ಬಂದವರು ಬಫಲೋ, ಬಾಲ್ಟಿಮೋರ್, ಡೆಟ್ರಾಯಿಟ್. ತಮಾಷೆ ಅಂದರೆ ಅದರಲ್ಲಿ ಎರಡನ್ನು ಚೀಫ್ಸ್ ಸಲೀಸಾಗಿ ಗೆದ್ದಿತು.

ಮುಂದೇನಾಗಬಹುದು

ಯುರೋಪಿನ ಫುಟ್‌ಬಾಲ್‌ನಲ್ಲಾದರೆ ಕೆಟ್ಟ ಸೀಸನ್ ಅಂದರೆ ಕೆಳಗಿನ ಲೀಗಿಗೆ ಜಾರುವ ಭಯ. ಇಲ್ಲಿ ಹಾಗೇನಿಲ್ಲ. ಟಿವಿ ಹಣವನ್ನು 32 ತಂಡಗಳಿಗೂ ಸಮನಾಗಿ ಹಂಚುತ್ತಾರೆ. ಗ್ರೀನ್ ಬೇ ಪ್ಯಾಕರ್ಸ್ 2025ರಲ್ಲಿ ಬಹಿರಂಗಪಡಿಸಿದ ಲೆಕ್ಕದ ಪ್ರಕಾರ ಲೀಗಿನಿಂದ ಒಂದು ತಂಡಕ್ಕೆ ಬಂದ ಪಾಲು 43.26 ಕೋಟಿ ಡಾಲರ್. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಚೀಫ್ಸ್ ವ್ಯವಹಾರ ಹೇಗೆ ನಡೆಯುತ್ತಿದೆ ನೋಡಿ: ಪ್ಲೇಆಫ್ ಆಸೆ ಮುಗಿದು ಎಂಟೇ ದಿನಕ್ಕೆ, ಡಿಸೆಂಬರ್ 22ರಂದು, ಹೊಸ ಸ್ಟೇಡಿಯಂ ಘೋಷಣೆಯಾಯಿತು. ಸುಮಾರು 300 ಕೋಟಿ ಡಾಲರಿನ ಯೋಜನೆ, 2031ಕ್ಕೆ ಸಿದ್ಧವಾಗಬೇಕು. ಕ್ಯಾನ್ಸಸ್ ಸಿಟಿ ಊರು ಎರಡು ರಾಜ್ಯಗಳ ಗಡಿಯ ಮೇಲಿದೆ. 1972ರಿಂದ ತಂಡ ಆಡುತ್ತಿರುವ ಆರೋಹೆಡ್ ಮೈದಾನ ಮಿಸೌರಿ ರಾಜ್ಯದ್ದು, ಹೊಸದು ಗಡಿಯಾಚೆ ಕ್ಯಾನ್ಸಸ್ ರಾಜ್ಯದ್ದು. ತೆರಿಗೆದಾರರ ಹಣದ ಆ ಜಗಳ ಬೇರೆಯದೇ ಒಂದು ಲೇಖನಕ್ಕೆ ಆಗುವಷ್ಟಿದೆ.

ಮೈದಾನದ ಮಟ್ಟಿಗೆ ಸೋಲು ಒಂದು ರೀತಿಯಲ್ಲಿ ಉಡುಗೊರೆಯನ್ನೂ ತಂದಿದೆ. ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ ತಂಡಕ್ಕೆ 2026ರ ಡ್ರಾಫ್ಟ್‌ನಲ್ಲಿ 9ನೇ ಸರದಿ ಬಂತು. ಡಿವಿಷನ್‌ನಲ್ಲಿ ಮೂರನೇ ಸ್ಥಾನಕ್ಕೆ ಇಳಿದದ್ದರಿಂದ, ಸ್ಥಾನ ನೋಡಿ ನಿಗದಿಯಾಗುವ ಆ ಮೂರು ಪಂದ್ಯಗಳೂ ಮೂರನೇ ಸ್ಥಾನದವರ ಜೊತೆಗೇ. 2022ರ ನಂತರ ಬಿಟ್ಟುಹೋಗಿದ್ದ ಬಿಯೆನೆಮಿಯನ್ನು ವಾಪಸ್ ಕರೆಸಿದ್ದಾರೆ. 496ರಿಂದ 371ಕ್ಕೆ ಬಿದ್ದದ್ದು ಎಲ್ಲಿ ಅಂತ ಕ್ಲಬ್ಬಿಗೂ ಗೊತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಒಬ್ಬ ಕೋಚ್ ವಾಪಸ್ ಬಂದ ಮಾತ್ರಕ್ಕೆ 125 ಪಾಯಿಂಟ್ ವಾಪಸ್ ಬರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ.

ದೊಡ್ಡ ಪ್ರಶ್ನೆ ಮಹೋಮ್ಸ್ ಮಂಡಿ. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳು ಬೇಕು. ಡಿಸೆಂಬರ್ ನಡುವಿನಿಂದ ಎಣಿಸಿದರೆ ಅದು ಸರಿಯಾಗಿ ಸೆಪ್ಟೆಂಬರ್‌ಗೆ, ಹೊಸ ಸೀಸನ್‌ನ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಮಂಡಿ ವಾಸಿಯಾಗುವುದು ಬೇರೆ, ನಾಲ್ಕು ಜನ ಮೇಲೆ ನುಗ್ಗಿ ಬರುವಾಗ ಹಿಂದಿನ ಹಾಗೆ ಜಾರಿಕೊಂಡು ಓಡುವುದು ಬೇರೆ.

ಇನ್ನು ಡಿವಿಷನ್‌ನಲ್ಲಿ ಚೀಫ್ಸ್ ಜಾಗ ಹಿಡಿದದ್ದು ಡೆನ್ವರ್, 14-3ರಲ್ಲಿ. ಅವರ ಗೆಲುವುಗಳಲ್ಲಿ ಬಹಳಷ್ಟು ಕೂದಲೆಳೆಯವೇ, ಕೊನೆಯ ಕ್ವಾರ್ಟರ್‌ನಲ್ಲಿ ಹಿಂದಿನಿಂದ ಬಂದು ಕಸಿದವು. ಚೀಫ್ಸ್ 2024ರಲ್ಲಿ ನಿಂತಿದ್ದ ಮೆಟ್ಟಿಲಲ್ಲೇ ಈಗ ಅವರು ನಿಂತಿದ್ದಾರೆ. 2026ರಲ್ಲಿ ಎರಡೂ ತಂಡ ಹತ್ತತ್ತು ಪಂದ್ಯ ಗೆದ್ದರೆ, ಕ್ಯಾನ್ಸಸ್ ಸಿಟಿಯ ಪತ್ರಿಕೆಗಳು 'ಎದ್ದು ಬಂದರು' ಅಂತ ಬರೆಯುತ್ತವೆ, ಡೆನ್ವರ್ ಪತ್ರಿಕೆಗಳು 'ಕುಸಿದರು' ಅಂತ.